ಸೋಮವಾರದ ಕಲ್ಕತ್ತೆ

ಒಬ್ಬರೇ ಊರು ನೋಡಲು ಹೊರಟವರನ್ನು ಕಂಡರೆ ನಮ್ಮ ಕಡೆಯ ಜನಕ್ಕೆ ಕನಿಕರ. 'ಅಯ್ಯೋ, ಜೊತೆಗೆ ಯಾರೂ ಬರಲಿಲ್ವಾ?' ಎನ್ನುತ್ತಾರೆ. ಹೆಂಗಸಾಗಿ, ಮಂಡಿನೋವಿನ ವಯಸ್ಸಿನವಳೂ ಆಗಿಬಿಟ್ಟರೆ ಕನಿಕರದ ಜೊತೆಗೆ ಒಂದಿಷ್ಟು ಅನುಮಾನವೂ ಸೇರುತ್ತದೆ. ಆದರೆ ಒಬ್ಬಳೇ ಹೋದಾಗ ನಾನೇನೂ ಒಬ್ಬಳೇ ಇರುವುದಿಲ್ಲ. ಎಲ್ಲವನ್ನೂ ನೋಡಿಬಿಡಬೇಕು ಎನ್ನುವವಳು ಒಬ್ಬಳು. ಎಲ್ಲಾದರೂ ಕೂತುಬಿಡೋಣ ಎನ್ನುವವಳು ಇನ್ನೊಬ್ಬಳು. ಜೋಡಿಯಾಗಿ ಹೋದರೆ ಈ ಎರಡು ಕೆಲಸವನ್ನು ಗಂಡ ಹೆಂಡತಿ ಹಂಚಿಕೊಂಡು, ಹಂಚಿಕೊಂಡಿದ್ದಕ್ಕೆ ಜಗಳವನ್ನೂ ಆಡುತ್ತಾರೆ. ನಮ್ಮವರೋ, ಪ್ರವಾಸವೆಂಬುದು ಟಿ.ವಿ.ಯಲ್ಲಿ ಬಲು ಚೆನ್ನಾಗಿ ಕಾಣುತ್ತದೆ, ಹೋಗಿ ಅದನ್ನೇಕೆ ಕೆಡಿಸಿಕೊಳ್ಳಬೇಕು ಎನ್ನುವ ಪಂಥದವರು. ಹೀಗಾಗಿ ಎರಡೂ ಪಾತ್ರ ನನ್ನ ಪಾಲಿಗೇ.

ಗುವಾಹಟಿಯಿಂದ ಮೈಸೂರಿಗೆ ಮರಳುವಾಗ ಒಂದು ರೈಲಿಗೂ ಇನ್ನೊಂದು ರೈಲಿಗೂ ನಡುವೆ ನನಗೆ ಕಲ್ಕತ್ತೆಯ ಒಂದು ಹಗಲು ಸಿಕ್ಕಿತು. ಅದು ಸೋಮವಾರ. ಸೋಮವಾರ ಇಂಡಿಯನ್ ಮ್ಯೂಸಿಯಂಗೆ ರಜೆ, ವಿಕ್ಟೋರಿಯಾ ಮೆಮೋರಿಯಲ್ಲಿನ ಒಳಾಂಗಣಕ್ಕೆ ರಜೆ, ಜೋಡಾಸಾಂಕೋದ ಟಾಗೋರರ ಮನೆಗೂ ರಜೆ. ಮೊದಲೇ ಗೊತ್ತಿದ್ದ ಸಂಗತಿಯೇ. ನೋಡಬೇಕು ಎನ್ನುವವಳು ಮುಖ ಸಣ್ಣದು ಮಾಡಿಕೊಂಡಳು. ಕೂರೋಣ ಎನ್ನುವವಳು ಒಳಗೊಳಗೇ ಹಿಗ್ಗಿದಳು.

ಸಾಮಾನನ್ನು ಹೌರಾ ನಿಲ್ದಾಣದ ಕ್ಲೋಕ್‌ರೂಮಿನಲ್ಲಿಟ್ಟು ಸೇತುವೆ ಹತ್ತಿದೆ. 1943ರಲ್ಲಿ ತೆರೆದ ಈ ಸೇತುವೆಗೆ ನಟ್ಟು ಬೋಲ್ಟುಗಳಿಲ್ಲ, ಎಲ್ಲಾ ರಿವೆಟ್ಟು. ನದಿಯ ನಡುವೆ ಒಂದು ಕಂಬವೂ ಇಲ್ಲ. ಜಪಾನಿನ ವಿಮಾನಗಳು ಬಾಂಬು ಹಾಕುತ್ತಿದ್ದ ಕಾಲದಲ್ಲಿ ಎದ್ದು ನಿಂತ ಈ ಉಕ್ಕಿನ ರಾಶಿಗೆ ಕಂಟಕವಾದದ್ದು ಮಾತ್ರ ಪಾನ್ ಉಗುಳು. ತೂಗುಕಂಬಗಳ ಬುಡದ ಉಕ್ಕಿನ ಕವಚವನ್ನು ಅದು ತಿಂದುಹಾಕುತ್ತಿದೆ ಎಂದು ಪತ್ತೆಯಾಗಿ, ಕೊನೆಗೆ ಫೈಬರ್‌ಗ್ಲಾಸ್ ಹೊದಿಸಬೇಕಾಯಿತು. ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದವಳು ನಾನು. ಆ ಪುಟ್ಟ ಕಾಯಿಗೆ ಇಂಥ ತಾಕತ್ತಿದೆ ಎಂದು ತಿಳಿದಿದ್ದರೆ ಅದನ್ನು ಇನ್ನೂ ಸ್ವಲ್ಪ ಗೌರವದಿಂದ ಸುಲಿಯುತ್ತಿದ್ದೆ.

ಸೇತುವೆ ಇಳಿದರೆ ಮಲ್ಲಿಕ್ ಘಾಟಿನ ಹೂವಿನ ಸಂತೆ. ಹಗ್ಗದ ಸುರುಳಿಗಳಂತೆ ಸುತ್ತಿಟ್ಟ ಚೆಂಡುಹೂವಿನ ಹಾರಗಳನ್ನು ತಲೆಯ ಮೇಲೆ ಹೊತ್ತವರು ಕೂಗುತ್ತಾ ನುಗ್ಗಿ ಬರುತ್ತಿದ್ದರು. ದೇವರಾಜ ಮಾರುಕಟ್ಟೆಯಲ್ಲಿ ಮಾರು ಲೆಕ್ಕದಲ್ಲಿ ಹೂವು ಕೊಂಡು, ಅದರಲ್ಲೂ ಹೂವಾಡಗಿತ್ತಿಯ ಕೈ ಗಿಡ್ಡ ಎಂದು ತಕರಾರು ತೆಗೆದು ಬಂದವಳಿಗೆ ಇಲ್ಲಿ ಬಾಯಿ ಕಟ್ಟಿತು. ಕೆಸರಿನಲ್ಲಿ ಸೀರೆ ಎತ್ತಿ ಹಿಡಿಯಬೇಕು, ಚೀಲ ಹಿಡಿಯಬೇಕು, ಫೋಟೋ ತೆಗೆಯಬೇಕು. ಒಂಟಿ ಪ್ರವಾಸದಲ್ಲಿ ನಿಜವಾಗಿ ಕೊರತೆ ಬೀಳುವುದು ಸಂಗಾತಿಯದಲ್ಲ, ಮೂರನೇ ಕೈಯದು.

ಅಲ್ಲಿಂದ ಹಳದಿ ಟ್ಯಾಕ್ಸಿಯಲ್ಲಿ ವಿಕ್ಟೋರಿಯಾ ಮೆಮೋರಿಯಲ್‌ಗೆ. ಒಳಗೆ ಬಿಡದಿದ್ದರೂ ತೋಟಕ್ಕೆ ಹೋಗಬಹುದು. ರಾಣಿ ತೀರಿಕೊಂಡದ್ದು 1901ರಲ್ಲಿ. ಕರ್ಜನ್ ಸಾಹೇಬರು ಭಾರಿ ಸ್ಮಾರಕದ ಯೋಜನೆ ಹಾಕಿದರು, ತಾಜಮಹಲಿಗೆ ಬಳಸಿದ ಮಕ್ರಾನಾ ಅಮೃತಶಿಲೆಯನ್ನೇ ತರಿಸಲಾಯಿತು, ಬಾಗಿಲು ತೆರೆದದ್ದು 1921ರಲ್ಲಿ. ಅಷ್ಟರಲ್ಲಿ ರಾಜಧಾನಿಯೇ ದೆಹಲಿಗೆ ಗಂಟುಮೂಟೆ ಕಟ್ಟಿತ್ತು. ಮನೆ ಕಟ್ಟಿ ಮುಗಿಸುವಷ್ಟರಲ್ಲಿ ಮಕ್ಕಳು ಬೇರೆ ಊರು ಸೇರಿಕೊಂಡ ಎಷ್ಟೋ ಜನ ನಮ್ಮ ಬಡಾವಣೆಯಲ್ಲೂ ಇದ್ದಾರೆ. ಮರದ ಬುಡಗಳಲ್ಲೆಲ್ಲ ಕೊಡೆ ಮರೆ ಮಾಡಿಕೊಂಡು ಪ್ರೇಮಿಗಳು. ಕಂಚಿನ ವಿಕ್ಟೋರಿಯಾ ಹೊರಗೇ ಕೂತಿದ್ದಾಳೆ, ಸೋಮವಾರ ಅವಳನ್ನೂ ಒಳಗೆ ಬಿಡುವುದಿಲ್ಲವೇನೋ. ಅವಳಿಗೆ ಎದುರಾಗಿ ನಾನೂ ಕೂತೆ. ಇಬ್ಬರೂ ಪ್ರೇಮಿಗಳ ಕಡೆ ನೋಡದ ಹಾಗೆ ನೋಡಿದೆವು.

ಆ ದಿನದ ಪಟ್ಟಿಯಲ್ಲಿ ಇಲ್ಲದ್ದು ಸಿಕ್ಕಿದ್ದು ಧರ್ಮತಲಾದಲ್ಲಿ. ಬಸ್ಸು, ಬಟ್ಟೆ ಅಂಗಡಿ, ಹಣ್ಣಿನ ಗಾಡಿಗಳ ಗದ್ದಲದ ನಡುವೆ ಸಾಲು ಗುಮ್ಮಟಗಳ ಒಂದು ಮಸೀದಿ. ಹೆಸರು ಟಿಪ್ಪು ಸುಲ್ತಾನ್ ಮಸೀದಿ. ಮೈಸೂರಿನವಳು ಅಲ್ಲಿ ನಿಲ್ಲದೆ ಮುಂದೆ ಹೋಗುವುದುಂಟೇ? ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ನಾನು. ಪ್ರತಿ ವರ್ಷವೂ 1799ರ ಮೇ 4ಕ್ಕೆ ಶ್ರೀರಂಗಪಟ್ಟಣವನ್ನು ಬೀಳಿಸಿ, ಟಿಪ್ಪುವನ್ನು ಮುಗಿಸಿ, ಗಂಟೆ ಹೊಡೆಯುವ ಮೊದಲು ಪ್ರಶ್ನೆಗಳನ್ನೂ ಬರೆಸಿಬಿಡುತ್ತಿದ್ದೆ. ಅವನ ಮಕ್ಕಳು ಏನಾದರು ಎಂದು ಯಾವ ಹುಡುಗನೂ ಕೇಳಲಿಲ್ಲ, ಪುಣ್ಯಕ್ಕೆ. ಮಕ್ಕಳನ್ನು ವೆಲ್ಲೂರು ಕೋಟೆಯಲ್ಲಿಟ್ಟಿದ್ದರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಕಂಪನಿ ಸರ್ಕಾರ ಇಡೀ ಸಂಸಾರವನ್ನು ಕಲ್ಕತ್ತೆಗೆ ಸಾಗಿಸಿತು. ಪಟ್ಟಣ ಬಿದ್ದಾಗ ಇನ್ನೂ ಪುಟ್ಟ ಮಗುವಾಗಿದ್ದ ಕಿರಿಯ ಮಗ ಗುಲಾಮ್ ಮಹಮ್ಮದ್ ಇಲ್ಲೇ ದೊಡ್ಡವನಾಗಿ, 1842ರಲ್ಲಿ ಈ ಮಸೀದಿ ಕಟ್ಟಿಸಿದ. ಯಾಕೆ ಕಟ್ಟಿಸಿದ್ದು ಎಂಬುದನ್ನೂ ಶಿಲಾಫಲಕದಲ್ಲಿ ಹೇಳಿಸಿದ್ದಾನೆ: ದೇವರಿಗೆ ಕೃತಜ್ಞತೆಯಾಗಿ, ಮತ್ತು 1840ರಲ್ಲಿ ಕಂಪನಿಯ ಡೈರೆಕ್ಟರುಗಳು ತನ್ನ ವರ್ಷಾಶನದ ಬಾಕಿಯನ್ನು ಮಂಜೂರು ಮಾಡಿದ ನೆನಪಿಗೆ.

ಹುಲಿಯ ಮಗ, ಅರಿಯರ್ಸ್ ಬಂದ ಸಂತೋಷಕ್ಕೆ ಮಸೀದಿ ಕಟ್ಟಿಸಿದ್ದಾನೆ! ನಗು ಬಂತು, ಅದರ ಹಿಂದೆಯೇ ಗಂಟಲು ಕಟ್ಟಿತು. ಪಿಂಚಣಿಯ ಬಾಕಿಗಾಗಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದವರಿಗೆ ಮಾತ್ರ ಆ ಫಲಕ ಪೂರ್ತಿ ಅರ್ಥವಾದೀತು. ನನ್ನ ಬಾಕಿ ಬಂದ ದಿನ ನಾನು ಮಾಡಿಸಿದ್ದು ಒಂದು ಸತ್ಯನಾರಾಯಣ ಪೂಜೆ, ಅದೂ ಚಿಕ್ಕದಾಗಿ. ಇಂಥದ್ದನ್ನು ಕಂಡಾಗ ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ತಡೆಯಲಾರದೆ ಮನೆಗೆ ಫೋನು ಮಾಡಿದೆ. "ರೀ, ಇಲ್ಲಿ ಟಿಪ್ಪು ಮಗ..." ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಟಿ.ವಿ.ಯ ಸದ್ದು. ಆಮೇಲೆ, "ಬಡ್ಡಿ ಸೇರಿಸಿ ಕೊಟ್ಟರಂತಾ ಕೇಳು."

ಯಾರನ್ನು ಕೇಳಲಿ? ಟಿಪ್ಪುವಿನ ನಂತರ ಪಟ್ಟಕ್ಕೆ ಬಂದ ಒಡೆಯರ ಮನೆತನಕ್ಕೂ ಈ ಊರಿನ ಋಣ ತಪ್ಪಲಿಲ್ಲ. ವಿವೇಕಾನಂದರನ್ನು ಮೈಸೂರಿನಲ್ಲಿ ಆದರಿಸಿದ ಚಾಮರಾಜೇಂದ್ರ ಒಡೆಯರು, ಆ ವಿವೇಕಾನಂದರ ಊರಿಗೆ ಬಂದಿದ್ದಾಗಲೇ 1894ರಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೊಂದೇ ವರ್ಷ.

ಎಸ್ಪ್ಲನೇಡಿನಿಂದ ಕಾಲೇಜು ಬೀದಿಗೆ ಟ್ರಾಮ್ ಹಿಡಿದೆ. 1873ರಲ್ಲಿ ಕುದುರೆ ಎಳೆಯುತ್ತಿದ್ದ ಟ್ರಾಮ್ 1902ರಲ್ಲಿ ವಿದ್ಯುತ್ತಿಗೆ ಬದಲಾಯಿತಂತೆ; ವೇಗವನ್ನು ಮಾತ್ರ ಕುದುರೆಯ ನೆನಪಿಗೆ ಹಾಗೇ ಉಳಿಸಿಕೊಂಡಂತಿದೆ. ಹಿಂದಿನಿಂದ ಕಾರುಗಳು ಹಾರನ್ ಹೊಡೆದು ಸುಸ್ತಾದವು, ಚಾಲಕ ಗಂಟೆ ಒತ್ತಿ ಉತ್ತರ ಕೊಟ್ಟ. ಈಗ ಉಳಿದಿರುವ ಮಾರ್ಗಗಳೇ ಬೆರಳೆಣಿಕೆಯವು, ಅದೂ ಇನ್ನೆಷ್ಟು ದಿನವೋ. ಕಿಟಕಿ ಪಕ್ಕ ಕೂತು ಊರು ನೋಡುವ ಈ ಏರ್ಪಾಟಿನಲ್ಲಿ ನನ್ನೊಳಗಿನ ಇಬ್ಬರಿಗೂ ಮೊದಲ ಬಾರಿ ರಾಜಿಯಾಯಿತು.

ಕಾಲೇಜು ಬೀದಿಯ ಹಳೇ ಪುಸ್ತಕಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ನೇರವಾಗಿ ಮೆಟ್ಟಿಲು ಹತ್ತಿ ಕಾಫಿ ಹೌಸ್ ಹೊಕ್ಕೆ. ಎತ್ತರದ ಸೂರು, ಗರಿ ಬಿಚ್ಚಿದ ಪೇಟದ ಪರಿಚಾರಕರು, ಗೋಡೆಯ ಮೇಲೆ ಟಾಗೋರರು. ಕಾಫಿ ಇಲ್ಲಿ ನೆಪ ಮಾತ್ರ, ಜನ ಬರುವುದು ಮಾತಿಗೆ. ನಾಲ್ವರ ಮೇಜಿನಲ್ಲಿ ಒಬ್ಬಳೇ ಕೂತಿದ್ದರಿಂದ ಇಬ್ಬರು ಹಿರಿಯರು ತಲೆಯಾಡಿಸಿ ಎದುರಿಗೆ ಕೂತರು, ಕೂತವರೇ ವಾದಕ್ಕಿಳಿದರು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎಂಬ ಫುಟ್‌ಬಾಲ್ ತಂಡಗಳ ಹೆಸರಷ್ಟೇ ನನಗೆ ತಿಳಿದದ್ದು. ದಪ್ಪ ಕನ್ನಡಕದವರು ನನ್ನತ್ತ ತಿರುಗಿ ಏನೋ ಕೇಳಿದರು. ಮರ್ಯಾದೆಗೆ ಹೂಂ ಎಂದು ತಲೆಯಾಡಿಸಿದೆ. ಅವರು ಮೇಜು ಕುಟ್ಟಿ ಗೆಲುವಿನ ನಗೆ ನಕ್ಕರು. ಸೋತವರು ನನ್ನನ್ನು ನೋಡಿದ ನೋಟ ಇತ್ತಲ್ಲ, ಅದರಲ್ಲಿ ಈಸ್ಟ್ ಬೆಂಗಾಲಿನ ಅಷ್ಟೂ ಅಭಿಮಾನಿಗಳ ನೋವಿತ್ತು. ಅಥವಾ ಮೋಹನ್ ಬಾಗಾನಿನವರದೋ. ನಾನು ಯಾರನ್ನು ಗೆಲ್ಲಿಸಿ ಬಂದೆನೋ ನನಗೇ ಗೊತ್ತಿಲ್ಲ.

ಸಂಜೆ ಹೌರಾಕ್ಕೆ ಮರಳಬೇಕಿತ್ತು. 2024ರಿಂದ ಹೂಗ್ಲಿ ನದಿಯ ಅಡಿಯಲ್ಲೇ ಮೆಟ್ರೋ ಓಡುತ್ತದೆ, ಮುಕ್ಕಾಲು ನಿಮಿಷದಲ್ಲಿ ನದಿ ದಾಟಿಸುತ್ತದೆ. ಅಷ್ಟು ಅವಸರದಲ್ಲಿ ದಾಟಲು ನದಿ ನನಗೇನು ಮಾಡಿದೆ? ಫೇರ್ಲಿ ಘಾಟಿನಿಂದ ದೋಣಿ ಹತ್ತಿದೆ. ಕಚೇರಿ ಮುಗಿಸಿದ ಜನ, ತರಕಾರಿ ಚೀಲಗಳು, ಕಡಲೆಕಾಯಿ ಮಾರುವವನು. ಸೇತುವೆಯ ಕಡೆ ಜಾಗ ಸಿಕ್ಕಿತು, ಕಣ್ತುಂಬ ನೋಡಿಕೊಂಡೆ. ಹೌರಾದಲ್ಲಿ ಇಳಿದಾಗ ರೈಲಿಗೆ ಇನ್ನೂ ಸಾಕಷ್ಟು ಹೊತ್ತಿತ್ತು. ಟಿಕೆಟ್ ಕಿಂಡಿಗೆ ಹೋಗಿ, ಬಂದ ದಡಕ್ಕೇ ಇನ್ನೊಂದು ಟಿಕೆಟ್ ಕೇಳಿದೆ.

"ಏನಾದರೂ ಬಿಟ್ಟು ಬಂದಿರಾ?" ಎಂದು ಒಳಗಿದ್ದವರು ಹಿಂದಿಯಲ್ಲಿ ಕೇಳಿದರು.

"ಇಲ್ಲ, ಈ ಕಡೆ ಕೂತಿದ್ದೆ. ಆ ಕಡೆಯದು ಬಾಕಿ ಇದೆ" ಎಂದೆ.