ಪಿಕಪ್ ಇರುವವನು

ಕೊಡಗಿನ ಹುಡುಗರು ರಾಕ್ ಬ್ಯಾಂಡ್ ಕಟ್ಟುವಾಗ ಮೊದಲು ಹುಡುಕುವುದು ಗಾಡಿ, ಗಿಟಾರ್ ಆಮೇಲೆ. ಜಿಲ್ಲೆಗೆ ರೈಲಿಲ್ಲ. ಡ್ರಮ್ ಸೆಟ್ಟನ್ನು ಕೆಎಸ್ಸಾರ್ಟಿಸಿ ಬಸ್ಸಿಗೆ ಹತ್ತಿಸಹೋದರೆ ಕಂಡಕ್ಟರ್ ಒಂದೊಂದು ಡ್ರಮ್ಮಿಗೂ ಲಗೇಜ್ ಟಿಕೆಟ್ ಹರಿಯುತ್ತಾರೆ. ಹಾಡುವವನಿಗೆ ಶ್ರುತಿ ಇಲ್ಲದಿದ್ದರೂ ನಡೆದೀತು, ಪಿಕಪ್ ಇರುವವನೊಬ್ಬ ಮಾತ್ರ ಬೇಕೇ ಬೇಕು.

ಇವನು ಮೈಸೂರಿನಲ್ಲೋ ಮಂಗಳೂರಿನಲ್ಲೋ ಡಿಗ್ರಿ ಮುಗಿಸಿ, ಬೆಂಗಳೂರಿನ ಕೆಲಸ ಒಗ್ಗದೆ, ತೋಟ ನೋಡಿಕೊಳ್ಳುತ್ತೇನೆಂದು ಊರಿಗೆ ಮರಳಿದವನು. ತೋಟವನ್ನು ಅಪ್ಪ ನೋಡಿಕೊಳ್ಳುತ್ತಾರೆ, ತೋಟದ ಪಿಕಪ್ಪನ್ನು ಇವನು. ವಾದ್ಯ ಒಂದೂ ಬಾರದು. ನಾಲ್ಕೇ ತಂತಿ ಎಂಬ ಧೈರ್ಯದಲ್ಲಿ ಒಮ್ಮೆ ಬೇಸ್ ಗಿಟಾರ್ ಹಿಡಿದನಂತೆ. ನಾಲ್ಕೂ ದಪ್ಪ ಎಂದು ಬೆರಳಿಗೆ ಗೊತ್ತಾದ ಸಂಜೆಯೇ ವಾಪಸ್ ಕೊಟ್ಟ. ಆದರೆ ತಂಡದಲ್ಲಿ ಎಲ್ಲರಿಗಿಂತ ಉದ್ದ ಕೂದಲು ಇವನದೇ. ಹಾಗಾಗಿ ಜನ ಸೆಲ್ಫಿಗೆ ಬರುವುದು ಇವನ ಹತ್ತಿರ. ಪಾಪ, ಇಲ್ಲವೆನ್ನುವುದಿಲ್ಲ.

'ನೀನು ಏನು ನುಡಿಸ್ತೀಯಪ್ಪ?' ಎಂದು ಯಾರಾದರೂ ಕೇಳಿಬಿಟ್ಟರೆ ಉತ್ತರ ಸಿದ್ಧವಿದೆ. ಮೋಟರ್‌ಹೆಡ್ ಕಟ್ಟಿದ ಲೆಮ್ಮಿ ಅದಕ್ಕೂ ಮೊದಲು ಜಿಮಿ ಹೆಂಡ್ರಿಕ್ಸ್‌ನ ಸಾಮಾನು ಹೊರುತ್ತಿದ್ದವನು. 2011ರಲ್ಲಿ ನಮ್ಮ ರಘು ದೀಕ್ಷಿತ್ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ಹಾಡಿದರಲ್ಲ, ಅವರ ಆಂಪ್ ಇಳಿಸಿದವರ ಹೆಸರನ್ನು ಯಾವ ಪೇಪರಾದರೂ ಹಾಕಿತೇ? ಹೀಗೆ ಪ್ರಶ್ನೆ ಕೇಳಿದವರನ್ನೇ ತಪ್ಪಿತಸ್ಥರನ್ನಾಗಿ ಮಾಡಿ ಇವನು ಕೇಬಲ್ ಸುತ್ತಲು ಹೋಗುತ್ತಾನೆ.

ಬ್ಯಾಂಡಿನ ವರ್ಷದ ಪ್ರವಾಸವನ್ನು ನಿಶ್ಚಯಿಸುವುದು ಕಾಫಿ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ. ಗಾಡಿ ಚೆರ್ರಿ ಮೂಟೆ ಹೊರಬೇಕು. ಆಮೇಲೆ ಹೂ ಅರಳಿಸಲು ಸ್ಪ್ರಿಂಕ್ಲರ್. ಗಾಡಿ ಪೈಪು ಹೊರಬೇಕು. ಜೂನ್ ನಂತರ ಮಳೆ; ಗಾಡಿ ಹೊರಡಬಹುದು, ಆದರೆ ಕಾರ್ಯಕ್ರಮ ಇಟ್ಟವರ ಮನೆಯಲ್ಲಿ ನಾಲ್ಕು ದಿನದಿಂದ ಕರೆಂಟಿಲ್ಲ. ರಾಕ್ ಸಂಗೀತಕ್ಕೆ ಉಳಿಯುವುದು ಏಪ್ರಿಲ್–ಮೇ ತಿಂಗಳ ಮದುವೆಗಳು, ಹೋಂಸ್ಟೇ, ಹಾಕಿ ನಮ್ಮೆ. ಮಡಿಕೇರಿ ದಸರಾಕ್ಕೆ ಇವರನ್ನು ಯಾರೂ ಕರೆಯುವುದಿಲ್ಲ. ದಶಮಂಟಪಗಳು ಹೊತ್ತು ತರುವ ಸೌಂಡ್ ಸಿಸ್ಟಮ್ಮಿನ ಮುಂದೆ ಇವರ ಎರಡು ಸ್ಪೀಕರ್ ಕೆಮ್ಮಿದಷ್ಟೂ ಕೇಳಿಸದು.

ಈಗ ಪ್ರಯಾಣದ ವಿಷಯ. ಗೋಣಿಕೊಪ್ಪದಿಂದ ನಾಪೋಕ್ಲಿಗೆ ಅರ್ಧ ದಿನ ಬೇಕೇ? ಗಾಡಿ ಇವನದಾದರೆ ಬೇಕು. ದಾರಿಯುದ್ದಕ್ಕೂ ಇವನಿಗೆ ನೆಂಟರು. ವಿರಾಜಪೇಟೆಯಲ್ಲಿ ಅತ್ತೆ, ಅಲ್ಲಿಂದ ಸ್ವಲ್ಪ ಮುಂದೆ ಅವ್ವನ ತವರು, ಮೂರ್ನಾಡಿನಲ್ಲಿ ಸೈನ್ಯದಿಂದ ನಿವೃತ್ತರಾದ ಮಾವ. ಗೇಟಿನ ಮುಂದೆ ಹಾದು ಹೋಗಿಯೂ ಒಳಗೆ ಬರಲಿಲ್ಲ ಎಂಬ ಸುದ್ದಿ ಗಾಡಿಗಿಂತ ಮೊದಲೇ ಊರು ಮುಟ್ಟುವುದರಿಂದ ಇಳಿಯಲೇಬೇಕು. ಇಳಿದ ಮೇಲೆ ಕಾಫಿ. ಕಾಫಿ ಕುಡಿಯುವಷ್ಟರಲ್ಲಿ ಒಳಗೆ ಕಡಂಬುಟ್ಟು ಬೇಯುತ್ತಿರುವ ಸೂಚನೆ. ಪಂದಿ ಕರಿ ಬಡಿಸುತ್ತ ಅತ್ತೆ ವಿಚಾರಣೆ ಶುರು ಮಾಡುತ್ತಾರೆ: 'ಈ ಹುಡುಗ ಯಾವ ಮನೆಯವ?'

ಗಿಟಾರಿನವನು ಸೋಮವಾರಪೇಟೆ ಕಡೆಯ ಗೌಡರ ಹುಡುಗ. ಅವನ ಅಜ್ಜ ಅತ್ತೆಯ ಯಜಮಾನರ ಜೊತೆ ಮಡಿಕೇರಿಯಲ್ಲಿ ಓದಿದವರೆಂದು ಎರಡನೇ ಸಲ ಬಡಿಸುವಾಗ ತೀರ್ಮಾನವಾಗುತ್ತದೆ. ಡ್ರಮ್ಮರ್ ಸಿದ್ದಾಪುರದ ಮಲಯಾಳಿ. ಅವನಲ್ಲಿ ಯಾವ ಎಳೆಯೂ ಸಿಗದೆ ಅತ್ತೆ ಕಸಿವಿಸಿಗೊಳ್ಳುತ್ತಾರೆ. ಕೊನೆಗೆ ಅವನ ತಂದೆ ಒಮ್ಮೆ ಇವರ ಕರಿಮೆಣಸು ಕೊಂಡಿದ್ದರು, ತೂಕದಲ್ಲಿ ಮೋಸ ಮಾಡಿರಲಿಲ್ಲ ಎಂದು ಹೊಳೆದು, 'ಇನ್ನೆರಡು ಹಾಕಿಸಿಕೋ ಮಗಾ' ಎನ್ನುತ್ತಾರೆ. ಬ್ಯಾಂಡಿನ ಹೆಸರನ್ನು ಮಾತ್ರ ಯಾವ ಮನೆಯಲ್ಲೂ ಯಾರೂ ಕೇಳಿದ್ದಿಲ್ಲ.

ಇಷ್ಟಾದ ಮೇಲೆ ಕತ್ತಲಾಗುತ್ತದೆ, ಕತ್ತಲಾದರೆ ಆನೆ. ತಿತಿಮತಿ ಕಡೆಯಿಂದ ವಾಪಸಾಗುವಾಗ ರಸ್ತೆಯ ನಡುವೆ ಒಂಟಿ ನಿಂತಿದ್ದರೆ ಗಾಡಿ ದೂರದಲ್ಲೇ ನಿಲ್ಲಿಸಿ ಕಾಯುವುದೊಂದೇ ದಾರಿ. ಆಗ ಇವನು ನಿಜವಾದ ನಾಯಕನಾಗುತ್ತಾನೆ. ಹಿಂದೆ ಟಾರ್ಪಾಲಿನಡಿ ಡ್ರಮ್ಮುಗಳ ಸಂದಿಯಲ್ಲಿ ಕುಳಿತವರಿಗೆ ಉಸಿರೆತ್ತಬೇಡಿ ಎಂದು ಸನ್ನೆಯಾಗುತ್ತದೆ. ನಮ್ಮ ಡ್ರಮ್ಮರ್ ಕೈಕಾಲು ಅಲುಗಿಸದೆ ಕೂರುವುದು ಆನೆಯ ಎದುರು ಮಾತ್ರ. ಹಾಡುವವನು ಬಹಳ ದಿನದಿಂದ ಆನೆಯೊಂದನ್ನು ಬಾಡಿಗೆಗೆ ತರುವ ಯೋಚನೆಯಲ್ಲಿದ್ದಾನೆ.

ಸ್ಟೇಜಿನಲ್ಲಿ ಇವನ ಪಾಲಿಗೆ ಬರುವುದು ಸೌಂಡ್ ಚೆಕ್. ಮೈಕ್ ಕೈಗೆ ಸಿಕ್ಕಿದ್ದೇ, 'ಹಲೋ, ಚೆಕ್... ಚೆಕ್... ಕೆಎ 12 ಬಿಳಿ ಜೀಪಿನವರು ದಯವಿಟ್ಟು ಗಾಡಿ ತೆಗೀರಿ, ಅಡುಗೆಯವರಿಗೆ ದಾರಿ ಇಲ್ಲ.' ಜನ ಚಪ್ಪಾಳೆ ತಟ್ಟುತ್ತಾರೆ. ಆ ರಾತ್ರಿಯ ದೊಡ್ಡ ಚಪ್ಪಾಳೆ ಅದೇ ಆಗಿರುವುದೂ ಉಂಟು. ಏಕೆಂದರೆ ಮದುವೆಮನೆಯಲ್ಲಿ ಇವರ ಎದುರಾಳಿ ಇನ್ನೊಂದು ಬ್ಯಾಂಡಲ್ಲ, ವಾಲಗ. ಗಂಗಾಪೂಜೆ ಮುಗಿಸಿ ನೀರಿನ ಕೊಡ ಹೊತ್ತು ಬರುವ ಮದುಮಗಳ ದಾರಿಗೆ ಅಡ್ಡ ನಿಂತು ನೆಂಟರು ಗಂಟೆಗಟ್ಟಲೆ ಕುಣಿಯುತ್ತಾರೆ. ವಾಲಗದವರಿಗೆ ಮಾನಿಟರ್ ಬೇಡ, ಜನರೇಟರ್ ಬೇಡ, ಬೆಳಕೂ ಬೇಡ. ಇತ್ತ ಕಷ್ಟಪಟ್ಟು ಕಲಿತ ಲೆಡ್ ಜೆಪ್ಪೆಲಿನ್‌ಗೆ ಕಾಲು ಅಲ್ಲಾಡಿಸದ ಜನ ಅತ್ತ ವಾಲಗ ಶುರುವಾದೊಡನೆ ಊಟದೆಲೆ ಬಿಟ್ಟು ಎದ್ದು ಓಡುತ್ತಾರೆ. ತಿರುಗಿ ನೋಡಿದರೆ ಬೇಸ್ ಗಿಟಾರಿನವನೂ ಸ್ಟೇಜಿನಲ್ಲಿಲ್ಲ. ಪಿಕಪ್ ಇರುವವನಂತೂ ಸಾಲಿನ ಮುಂದೆಯೇ ಕೈಯೆತ್ತಿ ಕುಣಿಯುತ್ತಿರುತ್ತಾನೆ.

ದುಡ್ಡಿನ ವ್ಯವಹಾರವೂ ಇವನದೇ. ಅದೊಂದು ದುರಂತ. ಮದುವೆಯ ಯಜಮಾನರು 'ಎಷ್ಟು ಕೊಡಬೇಕು ಕುಂಞಿ?' ಎಂದು ಕೇಳಿದೊಡನೆ ಇವನ ಕಿವಿ ಕೆಂಪಾಗುತ್ತದೆ. 'ಛೆ, ಬಿಡಿ ಮಾವ, ನಮ್ಮದೇ ಮನೆ.' ಮಾವ ಬಿಡುತ್ತಾರೆ. ಬೆಳಗ್ಗೆ ಗಾಡಿಗೆ ಎರಡು ಬಾಟಲಿ ಜೇನು, ಒಂದು ಗೊನೆ ಬಾಳೆ, ಪಂದಿ ಉಪ್ಪಿನಕಾಯಿಯ ಡಬ್ಬಿ ಏರುತ್ತವೆ. ಗಿಟಾರಿನವನಿಗೆ ಹೊಸ ತಂತಿ ಬೇಕಿತ್ತು. ಅವನ ಪಾಲಿಗೆ ಜೇನು. ಡೀಸೆಲ್ ಲೆಕ್ಕ ಅಪ್ಪನ ಪುಸ್ತಕದಲ್ಲಿ 'ಗೊಬ್ಬರ ಸಾಗಣೆ' ಎಂಬ ಹೆಸರಿನಲ್ಲಿದೆ. ಅಪ್ಪನಿಗೂ ಗೊತ್ತು, ಆದರೆ ಹೆಸರು ತಪ್ಪಾಗಿದೆ ಎಂದು ಅವರಿಗೆ ಅನಿಸಿಲ್ಲ.

ಇದು ಹೀಗೆಯೇ ಎಷ್ಟು ದಿನ ಎಂದು ಹಾಡುವವನು ಬಂಡೆದ್ದ. 2012ರಲ್ಲಿ ಸ್ಟಾರ್ಮ್ ಸಂಗೀತೋತ್ಸವಕ್ಕೆ ದೇಶದ ಬ್ಯಾಂಡುಗಳೆಲ್ಲ ಹುಡುಕಿಕೊಂಡು ಕೊಡಗಿಗೆ ಬಂದವು, ನಾವು ಮಾತ್ರ ಕೊಡಗು ಬಿಟ್ಟು ಹೊರಡುವುದಿಲ್ಲ ಎಂದ. ಅಂತೂ ಬೆಂಗಳೂರಿನ ಒಂದು ಕಾರ್ಯಕ್ರಮ ಸಿಕ್ಕಿತು. ಅಲ್ಲಿಯವರು ತಂಡದ ರೈಡರ್ ಕಳಿಸಿ ಎಂದು ಬರೆದರು. ಸ್ಟೇಜಿಗೆ ಏನೇನು ಬೇಕೆಂಬ ಪಟ್ಟಿ ಅದು. ಇವನು ತನ್ನ ಡ್ರೈವಿಂಗ್ ಲೈಸೆನ್ಸಿನ ಜೆರಾಕ್ಸ್ ಕಳಿಸಿದ. ಬೇರೆ ಯಾರಾದರೂ ಆಗಿದ್ದರೆ ಕಾರ್ಯಕ್ರಮ ಅಲ್ಲಿಗೇ ಹೋಗುತ್ತಿತ್ತು. ಸೌಂಡ್ ನೋಡಿಕೊಳ್ಳುವವರು ಲೈಸೆನ್ಸಿನ ಮನೆಹೆಸರು ಓದಿ ಫೋನ್ ಮಾಡಿದರು: 'ಪೊನ್ನಂಪೇಟೆಯವರಾ? ಹಾಗಾದರೆ ನಮ್ಮ ಚಿಕ್ಕಪ್ಪನ ಸೊಸೆ ನಿನಗೆ ಅಕ್ಕ ಆಗಬೇಕಲ್ಲ!'

ಕಾರ್ಯಕ್ರಮದ ದಿನ ಬೆಳಗ್ಗೆ ವಸಂತನಗರದ ಆ ಅಕ್ಕನ ಮನೆಯಲ್ಲಿ ನೂಲ್‌ಪುಟ್ಟು, ಕೋಳಿ ಸಾರು. ಹಾಡುವವನು ಗಡಿಯಾರ ನೋಡಿ ಎದ್ದ. ಪಿಕಪ್ ಇರುವವನು ಕೈ ತೊಳೆದು ಬಂದು ಸಮಾಧಾನ ಹೇಳಿದ: 'ಯಾಕೆ ಅವಸರ ಮಾಡ್ತೀಯ ಮಾರಾಯ? ಸೌಂಡಿನವರೇ ಇಲ್ಲಿ ಊಟಕ್ಕೆ ಕೂತಿದ್ದಾರೆ. ಇನ್ನು ಜಾಲಹಳ್ಳಿಯಲ್ಲಿ ಒಂದು ಮನೆ ಉಂಟು, ಅಷ್ಟೇ. ಅವರನ್ನೂ ಕರ್ಕೊಂಡೇ ಹೋಗುವ.'