ಮಾಗಿಪೂರ್ವ ತರಗೆಲೆ ಮೀಮಾಂಸೆ

ಹಿಂಗಾರಿನ ಕೊನೆಯ ಮಳೆಗೂ ಮಾಗಿಯ ಮೊದಲ ಇಬ್ಬನಿಗೂ ನಡುವೆ, ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಪರ್ಮಾಕಲ್ಚರ್ ತೋಟವನ್ನು ಹೇಗೆ ಸಜ್ಜುಗೊಳಿಸಬೇಕೆಂಬುದು ಪ್ರಸ್ತುತ ಪ್ರಬಂಧದ ವಿಷಯ. ಈ ಕುರಿತ ಚರ್ಚೆಗಳೆಲ್ಲ ಈವರೆಗೆ ಕಾಂಪೌಂಡ್ ಗೋಡೆಯ ಮೇಲಿಂದಲೇ ನಡೆದಿರುವುದರಿಂದ ಲಿಖಿತ ಆಕರಗಳು ಲಭ್ಯವಿಲ್ಲ.

ಮೊದಲು ಕ್ಷೇತ್ರಪರಿಚಯ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬ ಆಚಾರ್ಯದ್ವಯರು 1978ರಲ್ಲಿ ಈ ದರ್ಶನವನ್ನು ಗ್ರಂಥರೂಪಕ್ಕೆ ತಂದರು. ಈ ಸಂಪ್ರದಾಯದಲ್ಲಿ ಮನೆಯೇ ಸೊನ್ನೆಯ ವಲಯ. ದಿನವೂ ಕೈಯಾಡಿಸುವ ಸೊಪ್ಪಿನ ಮಡಿ ಒಂದನೆಯದು. ಹೀಗೇ ದೂರ ಸಾಗಿ, ಮನುಷ್ಯ ಕೈಹಾಕಬಾರದ ಕಾಡು ಐದನೆಯದು. ಆಚಾರ್ಯರದು ಟಾಸ್ಮೇನಿಯಾ, ಜಾಗಕ್ಕೇನು ಬರ? ನಮ್ಮಲ್ಲಿ ಮನೆ ಕಟ್ಟಿ ಉಳಿದದ್ದು ಪಕ್ಕದ ಮೂರಡಿ ಓಣಿ. ಆದರೂ ಶಾಸ್ತ್ರಲೋಪವಾಗಿಲ್ಲ. ಅಡುಗೆಮನೆ ಬಾಗಿಲಲ್ಲಿ ಬಸಳೆ, ನಾಲ್ಕು ಹೆಜ್ಜೆ ಆಚೆ ನುಗ್ಗೆ. ಮೂರನೆಯ ಮತ್ತು ನಾಲ್ಕನೆಯ ವಲಯಗಳನ್ನು ಅಡ್ಡಡ್ಡ ತಿರುಗಿ ದಾಟಬೇಕು. ನೀರಿನ ಮೋಟಾರಿನ ಹಿಂದೆ, ಒಡೆದ ಕಮೋಡ್ ಇರುವಲ್ಲಿಂದ ಅಭಯಾರಣ್ಯ ಆರಂಭ. ಅಲ್ಲಿನ ವನ್ಯಜೀವಿ ಹೆಗ್ಗಣ.

ಇನ್ನು ಚಳಿ. ಹಿಮ ಬೀಳುವ ಮುನ್ನ ಮಡಿಗಳಿಗೆ ಹೊದಿಕೆ ಹಾಕಿ ಎಂದು ಶೀತದೇಶದ ಗ್ರಂಥಗಳು ವಿಧಿಸುತ್ತವೆ. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಾಗೆಂದು ಹೊದಿಕೆಯನ್ನು ತಳ್ಳಿಹಾಕುವಂತಿಲ್ಲ. ವಿಧಿ ಸರಿ, ಕಾರಣ ಬೇರೆ. ಇಲ್ಲಿ ಗಿಡ ಸೆಡೆಯುವುದಿಲ್ಲ, ಒಣಗುತ್ತದೆ. ಹಿಂಗಾರು ನಿಂತ ಮೇಲೆ ಯುಗಾದಿಯ ಆಸುಪಾಸಿನವರೆಗೆ ಆಕಾಶವನ್ನು ನಂಬುವ ಹಾಗಿಲ್ಲ. ಆದ್ದರಿಂದ ನೆಲದ ಹಸಿ ಆರುವ ಮುಂಚೆಯೇ ಮೂಲಂಗಿ, ನವಿಲುಕೋಸು, ಮೆಂತ್ಯ ಹಾಕಿ, ಸಸಿ ಮೇಲೆದ್ದ ಕೂಡಲೇ ಬುಡಕ್ಕೆ ತರಗು ಹೊದಿಸತಕ್ಕದ್ದು.

ಬಿಸಿಲಿನ ಪ್ರಶ್ನೆ ಇನ್ನೂ ಜಟಿಲ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ದಕ್ಷಿಣದ ಪಕ್ಕದ ಮನೆ 40 ಅಡಿ ಎತ್ತರವಿದ್ದರೆ ಅದರ ನೆರಳು ಸುಮಾರು 30 ಅಡಿ. ತೋಟದ ಅಗಲ ಮೂರು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಪ್ರಮೇಯ. ಪರ್ಮಾಕಲ್ಚರ್ ತೋಟ ಸ್ವಾವಲಂಬಿ, ಹೊರಗಿನಿಂದ ಏನನ್ನೂ ಬೇಡುವುದಿಲ್ಲ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಗೊಬ್ಬರದ ಗುಂಡಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇರಬೇಕು. ಅಡುಗೆಮನೆಯ ಸಿಪ್ಪೆಯಲ್ಲಿ ಇಂಗಾಲ ಅಷ್ಟಿಲ್ಲ. ಬರೀ ಸಿಪ್ಪೆ ಸುರಿದರೆ ಗುಂಡಿ ನಾರುತ್ತದೆ, ಮನೆಯವರು ಮಾತು ಬಿಡುತ್ತಾರೆ. ಇಂಗಾಲವೆಂದರೆ ತರಗೆಲೆ, ತರಗೆಲೆಯೆಂದರೆ ಮರ, ಮರವೆಂದರೆ ಪಕ್ಕದ ಮನೆಯವರದು. ಆದಕಾರಣ ಸ್ವಾವಲಂಬನೆಯ ಮೂಲದ್ರವ್ಯ ನೆರೆಯವರ ಕಸವೆಂಬುದೇ ಸಿದ್ಧಾಂತ.

ತರಗೆಲೆಗಳಲ್ಲಿ ಜಾತಿಭೇದ ಉಂಟು. ಹೊಂಗೆ ಶ್ರೇಷ್ಠ, ದ್ವಿದಳ ಕುಲದ್ದು, ಹಿಂದಿನವರು ಗದ್ದೆಗೇ ತುಳಿಯುತ್ತಿದ್ದರು. ಮಾವಿನೆಲೆ ತೊಗಲಿನಂಥದು, ಬೇಗ ಕೊಳೆಯದು. ಮಳೆಮರದ ಎಲೆ ಗೋಣಿಯ ತೂತಿನಿಂದ ಸೋರಿ ದಾರಿಯುದ್ದಕ್ಕೂ ಸಾಕ್ಷ್ಯ ಬಿಡುತ್ತದೆ. ನೆರೆಮನೆಯ ಕಾಡುಬಾದಾಮಿ ಚಳಿ ಬೀಳುತ್ತಿದ್ದಂತೆ ಕೆಂಪೇರಿ ಉದುರುತ್ತದೆ; ಒಂದೊಂದು ಎಲೆ ಒಂದೊಂದು ಸಸಿಗೆ ಸಾಲುವಷ್ಟು ಅಗಲ. ಪೌರಕಾರ್ಮಿಕರ ಪೊರಕೆಗಿಂತ ಮುಂಚೆ, ನೆರೆಮನೆಯಾಕೆ ರಂಗೋಲಿಗೆ ಹೊರಬರುವುದಕ್ಕೂ ಮುಂಚೆ ಇರುವ ಬ್ರಾಹ್ಮೀಮುಹೂರ್ತವೇ ಸಂಗ್ರಹಕ್ಕೆ ಪ್ರಶಸ್ತ. ಇದನ್ನು ಕಳವು ಎನ್ನುವ ಪಕ್ಷವೂ ಇದೆ. ಆದರೆ ಹೋಮ್‌ಗ್ರೆನ್ನರು 2002ರಲ್ಲಿ ಹೇಳಿದ ಹನ್ನೆರಡು ಸೂತ್ರಗಳಲ್ಲಿ ಹನ್ನೊಂದನೆಯದು ಅಂಚನ್ನು ಬಳಸಿಕೊಳ್ಳಿ ಎನ್ನುತ್ತದೆ. ಅಂಚೆಂದರೆ ಕಾಂಪೌಂಡು.

ದುರದೃಷ್ಟವಶಾತ್ ಸೂತ್ರ ಎರಡೂ ಕಡೆಯಿಂದ ಓದಿಸಿಕೊಳ್ಳುತ್ತದೆ. ನಾಟಿ ಅವರೆ ಹಗಲು ಕುಗ್ಗದೆ ಹೂಬಿಡದು (ಎಲ್ಲ ಕಾಲಕ್ಕೂ ಕಾಯುವ ಹೆಬ್ಬಾಳ ತಳಿಗಳ ಮಾತು ಬೇರೆ, ಸೊಗಡಿನ ಅಭಿಮಾನಿಗಳು ಅವುಗಳ ಹೆಸರೆತ್ತುವುದಿಲ್ಲ). ನೆರಳಿನ ಓಣಿಯಲ್ಲಿ ಹುಟ್ಟಿದ ಪ್ರಸ್ತುತ ಲೇಖಕನ ಬಳ್ಳಿ ಬಿಸಿಲು ಹುಡುಕಿ, ಗೋಡೆ ಹತ್ತಿ, ಪಕ್ಕದ ಮನೆಯ ಪೈಪು ಹಿಡಿದು, ಅವರ ಬಾಲ್ಕನಿಯಲ್ಲಿ ಹೂಬಿಟ್ಟು ಅಲ್ಲೇ ಕಾಯಿಕಟ್ಟಿತು. ಕಾಯಿ ಕೇಳಲು ಹೋದಾಗ ನೆರೆಮನೆಯಾಕೆ ಹಿತಕುತ್ತಲೇ ವಾದ ಮಂಡಿಸಿದರು: ಎಲೆ ನಮ್ಮದು, ಗೊಬ್ಬರ ಎಲೆಯದು, ಬಳ್ಳಿ ಗೊಬ್ಬರದ್ದು, ಆದ್ದರಿಂದ ಕಾಯಿ ನಮ್ಮದು.

ತರ್ಕಶಾಸ್ತ್ರದ ಯಾವ ದೋಷವೂ ಇದರಲ್ಲಿ ಕಾಣಲಿಲ್ಲ. ಮಾಲಿಸನ್ನರಲ್ಲೂ ಪರಿಹಾರ ಸಿಗಲಿಲ್ಲ. ಹಿತಕಿದ ಬೇಳೆ ಸಾರಿನ ಒಗ್ಗರಣೆ ಅತ್ತ ಕಡೆಯೇ ಸಿಡಿಯಿತು. ಸಂಜೆ ಸಿಪ್ಪೆ ಮಾತ್ರ ಗೋಡೆ ದಾಟಿ ಬಂತು. ಅದು ಹಸಿಯದು, ಸಾರಜನಕವುಳ್ಳದ್ದು. ಹಾಗಾಗಿ ನಾಳೆ ಇನ್ನೊಂದು ಗೋಣಿ ತರಗೆಲೆ ಬೇಕಾಗುತ್ತದೆ.