ಪರಿಚಯಸ್ಥರಿಂದ ಕಾಪಾಡಿ

ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಸಿಗುತ್ತದೆ, ವೀಳ್ಯದೆಲೆ ಸಿಗುತ್ತದೆ, ನಂಜನಗೂಡು ರಸಬಾಳೆ ಎಂಬ ಹೆಸರಿನಲ್ಲಿ ಬೇರೆ ಬಾಳೆಯೂ ಸಿಗುತ್ತದೆ. ಗುಟ್ಟು ಮಾತ್ರ ಈ ಮೊಹಲ್ಲಾದಲ್ಲಿ ದಾಸ್ತಾನಿಲ್ಲ. ಯಾರ ಮನೆ ಹುಡುಗ ಎರಡು ಸಬ್ಜೆಕ್ಟ್ ಉಳಿಸಿಕೊಂಡ, ಯಾರ ಮಗಳ ಸಂಬಂಧ ಮುರಿದುಬಿತ್ತು ಎಂಬುದೆಲ್ಲ ಊಟದ ಹೊತ್ತಿಗೆ ಚಿಕ್ಕ ಗಡಿಯಾರದ ಸುತ್ತ ಕೂತವರಿಗೆ ಬಾಯಿಪಾಠ.

ಇಷ್ಟೆಲ್ಲ ಬಲ್ಲ ಮೊಹಲ್ಲಾಕ್ಕೆ ಒಂದು ಸಂಗತಿ ಮಾತ್ರ ಗೊತ್ತಾಗುವುದಿಲ್ಲ. ಮಹಡಿ ಮೇಲಿನ ಹುಡುಗ ರಾತ್ರಿ ಎರಡಕ್ಕೆ ಮೊಬೈಲಿನಲ್ಲಿ, ಹೆಸರು ಮುಖ ಎರಡೂ ಗೊತ್ತಿಲ್ಲದ ಯಾರಿಗೋ 'ನನಗೆ ಬದುಕೋಕೆ ಇಷ್ಟ ಇಲ್ಲ' ಎಂದು ಬರೆದಿರುತ್ತಾನೆ. ಇದು ಹೇಗೋ ಹೊರಬಿದ್ದರೆ ಹಿರಿಯರಿಗೆ ಮೊದಲು ಬರುವುದು ದುಃಖವಲ್ಲ, ಅವಮಾನ. 'ಮನೇಲಿ ಇಷ್ಟು ಜನ ಇದ್ದೀವಿ, ಯಾರೋ ಗುರುತು ಪರಿಚಯ ಇಲ್ಲದೋರ ಹತ್ರ ಹೇಳ್ಕೊಳ್ಳೋದಾ?'

ಸರಿ, ಮನೆಯವರಿಗೇ ಹೇಳಿದ ಅಂತಿಟ್ಟುಕೊಳ್ಳಿ. ಅಮ್ಮ ಅಳುತ್ತಾಳೆ, ಈಗ ಅವಳನ್ನು ಸಮಾಧಾನ ಮಾಡುವ ಕೆಲಸವೂ ಅವನದೇ. ಅಪ್ಪ 'ನಿನಗೇನು ಕಮ್ಮಿ ಮಾಡಿದೀನಿ ಹೇಳು' ಎಂದು ಲೆಕ್ಕದ ಪುಸ್ತಕ ತೆಗೆಯುತ್ತಾರೆ. 'ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲಿ, ಎಲ್ಲಾ ಇಳಿಯುತ್ತೆ' ಎನ್ನುವವರು ಚಿಕ್ಕಪ್ಪ. 'ಒಂದು ಮದುವೆ ಮಾಡಿಬಿಡಿ' ಎನ್ನುವವರು ಸೋದರತ್ತೆ. ಬದುಕಲಾರದವನ ಕೈಗೆ ಇನ್ನೊಂದು ಜೀವ ಒಪ್ಪಿಸುವ ಈ ಔಷಧಿ ನಮ್ಮಲ್ಲಿ ತಲೆಮಾರುಗಳಿಂದ ಚಾಲ್ತಿಯಲ್ಲಿದೆ. 'ನಮ್ಮ ಕಾಲದಲ್ಲಿ ಈ ಡಿಪ್ರೆಷನ್ನು ಗಿಪ್ರೆಷನ್ನು ಎಲ್ಲಿತ್ತಪ್ಪ?' ಎಂದು ತಾತ ಕೇಳುತ್ತಾರೆ. ಅವರ ಕಾಲದಲ್ಲೂ ಇತ್ತು. ಅದಕ್ಕೆ 'ಗಾಳಿ ಸೋಕಿದೆ' ಅಂತ ಹೆಸರಿತ್ತು, ಅಷ್ಟೇ. ಶುಕ್ರವಾರದ ಹೊತ್ತಿಗೆ ಸಂಗತಿ ಮೊಹಲ್ಲಾ ದಾಟಿ ಕುವೆಂಪುನಗರದ ನೆಂಟರವರೆಗೆ ತಲುಪಿ, 'ಯಾರಿಗೂ ಹೇಳ್ಬೇಡಿ' ಎಂಬ ಮೊಹರಿನೊಂದಿಗೆ ವಾಪಸ್ಸು ಬರುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 1,70,924 ಮಂದಿ ತಾವಾಗಿ ಜೀವ ಕಳೆದುಕೊಂಡರು. ಕರ್ನಾಟಕದ ಪಾಲು 13,606. ಕಾರಣದ ಕಾಲಂನಲ್ಲಿ ಮೊದಲ ಸ್ಥಾನ ಶೇ. 31.7ರೊಂದಿಗೆ 'ಕೌಟುಂಬಿಕ ಸಮಸ್ಯೆ'ಗೆ. ಒಂದು ಸಾವಿಗೆ ಒಂದೇ ಕಾರಣ ಇರುವುದಿಲ್ಲ, ಪೊಲೀಸರ ನಮೂನೆಯಲ್ಲಿ ಅಷ್ಟೇ ಜಾಗ ಇರುವುದು ಎಂಬುದನ್ನು ಒಪ್ಪೋಣ. ಆದರೂ ಹುಡುಗನಿಗೆ ನಾವು ತೋರಿಸುವ ದಾರಿ ಯಾವುದು? 'ಏನಿದ್ರೂ ಕುಟುಂಬದೊಳಗೇ ಮಾತಾಡಿ ಬಗೆಹರಿಸ್ಕೊ.'

ಡಾಕ್ಟರ ಹತ್ತಿರ ಹೋಗಬಾರದೇ ಎನ್ನುತ್ತೀರಿ. ಧನ್ವಂತರಿಯ ಹೆಸರಿನ ರಸ್ತೆಯೇ ಇರುವ ಮೊಹಲ್ಲಾ ಇದು. ಮೊಣಕಾಲು, ಮೂಲವ್ಯಾಧಿ, ಸಕ್ಕರೆ ಯಾವುದಕ್ಕೂ ಬಡತನವಿಲ್ಲ. ಮಂಡಿ ತೋರಿಸಲು ಹೊರಟವರು ದಾರಿಯುದ್ದಕ್ಕೂ ಅದನ್ನೇ ಸಾರುತ್ತಾ ಹೋಗುತ್ತಾರೆ. ಮನಸ್ಸಿನ ಡಾಕ್ಟರ ಮೆಟ್ಟಿಲು ಹತ್ತುವವರು ಮಾತ್ರ ಎಡಬಲ ನೋಡಬೇಕು, ಯಾಕೆಂದರೆ ಎದುರಿನ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆ ಕೊಳ್ಳುತ್ತಾ ನಮ್ಮವರೊಬ್ಬರು ನಿಂತೇ ಇರುತ್ತಾರೆ. ನಿಮ್ಹಾನ್ಸ್ ನಡೆಸಿದ 2015–16ರ ಸಮೀಕ್ಷೆಯ ಪ್ರಕಾರ, ಮನಸ್ಸಿನ ಕಾಯಿಲೆಯವರಲ್ಲಿ, ಕಾಯಿಲೆ ಯಾವುದೆಂಬುದರ ಮೇಲೆ, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ವೈದ್ಯರ ಕೊರತೆ ನಿಜ. ಎದುರಂಗಡಿಯಲ್ಲಿ ನಿಂತವರ ಕೊರತೆ ಮಾತ್ರ ಯಾವತ್ತೂ ಆಗಿಲ್ಲ.

ಕಾನೂನಂತೂ ಬಹಳ ಕಾಲ ಈ ಮೊಹಲ್ಲಾದವನೇ ಬರೆದಂತಿತ್ತು. ಸಾಯಲು ಹೋಗಿ ಉಳಿದವನಿಗೆ ಒಂದು ವರ್ಷದವರೆಗೆ ಜೈಲು ಎಂದಿತ್ತು 1860ರ ದಂಡಸಂಹಿತೆಯ 309ನೇ ಕಲಂ. 2018ರ ಮೇನಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಯಲ್ಲ, ಆರೈಕೆ ಕೊಡಬೇಕು ಎಂದಿತು. 2024ರ ಜುಲೈ 1ರಂದು ಬಂದ ಹೊಸ ಸಂಹಿತೆಯಲ್ಲಿ ಆ ಕಲಂ ಇಲ್ಲ. ಸರ್ಕಾರಿ ನೌಕರನ ಮೇಲೆ ಒತ್ತಡ ತರಲು ಹಾಗೆ ಮಾಡಿದರೆ ಮಾತ್ರ ಈಗಲೂ ಅಪರಾಧ. ನೌಕರರ ನೆಮ್ಮದಿ ನೋಡಿಕೊಳ್ಳುವವರು ಯಾರಾದರೂ ಬೇಕಲ್ಲ. ಮೊಹಲ್ಲಾಕ್ಕೆ ಈ ತಿದ್ದುಪಡಿಗಳ ಸುದ್ದಿ ಇನ್ನೂ ಮುಟ್ಟಿಲ್ಲ. 'ಬಾಯ್ಬಿಟ್ರೆ ಪೊಲೀಸ್ ಕೇಸಾಗುತ್ತೆ, ಸುಮ್ನಿರು' ಎಂಬುದೇ ಇಲ್ಲಿಯ ಸಂವಿಧಾನ.

ಹೀಗಾಗಿ ಹುಡುಗ ಅಪರಿಚಿತನ ಬಾಗಿಲು ತಟ್ಟುತ್ತಾನೆ. ನೆಮ್ಮದಿ ಅರಸಿ ಪರದೇಶದವರು ಯೋಗದ ಚಾಪೆ ಸುತ್ತಿಕೊಂಡು ಮೈಸೂರಿಗೆ ಬಂದು ಗೋಕುಲಂನಲ್ಲಿ ಮನೆ ಹಿಡಿಯುತ್ತಾರೆ. ಮೈಸೂರಿನ ಹುಡುಗ ಅದೇ ನೆಮ್ಮದಿಗಾಗಿ ರಾತ್ರಿಯೆಲ್ಲ ಪರದೇಶದವರಿಗೆ ಬರೆಯುತ್ತಾನೆ. ಆಮದು ರಫ್ತು ಎರಡೂ ಜೋರು.

ಆ ಬಾಗಿಲ ಹಿಂದೆ ಯಾರಿರುತ್ತಾರೆ ಎಂಬುದು ಅವನ ಅದೃಷ್ಟ. ಬೆಳಗಾಗುವವರೆಗೆ ಎಚ್ಚರವಿದ್ದು ಮಾತಾಡಿಸುವ ಪುಣ್ಯಾತ್ಮರು ಇದ್ದಾರೆ. ಒಬ್ಬನ ಸಂಕಟದ ಲೈವಿಗೆ ಹೃದಯದ ಚಿಹ್ನೆ ಒತ್ತಿ, 'ಧೈರ್ಯ ಇಲ್ವಾ?' ಎಂದು ಕೆಣಕುವ ನೀಚರೂ ಇದ್ದಾರೆ. ಈಗ ಮನುಷ್ಯರೇ ಬೇಕೆಂದೂ ಇಲ್ಲ: ಚಾಟ್‌ಜಿಪಿಟಿ ಬಳಸುವವರಲ್ಲಿ ವಾರಕ್ಕೆ ಶೇ. 0.15ರಷ್ಟು ಮಂದಿಯ ಮಾತಿನಲ್ಲಿ ಸಾಯುವ ಯೋಚನೆಯ ಸ್ಪಷ್ಟ ಸುಳಿವಿದೆ ಎಂದು ಅದರ ಕಂಪನಿಯೇ 2025ರ ಅಕ್ಟೋಬರಿನಲ್ಲಿ ಹೇಳಿತು. ಅವರೇ ಕೊಡುವ ಬಳಕೆದಾರರ ಲೆಕ್ಕಕ್ಕೆ ಅದು ಹತ್ತು ಲಕ್ಷ ಮೀರುತ್ತದೆ. ಉತ್ತರ ಪ್ರದೇಶದಲ್ಲಂತೂ ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾ ಇಂಥ ಪೋಸ್ಟ್ ಕಂಡರೆ ಪೊಲೀಸರಿಗೆ ತಿಳಿಸುವ ಏರ್ಪಾಡಿದೆ. ಸಂಗತಿ ಅಮೆರಿಕದ ಕಂಪನಿಗೆ ಮುಟ್ಟಿ, ಅಲ್ಲಿಂದ ಲಕ್ನೋಗೆ ಬಂದು, ಠಾಣೆಯ ಜೀಪು ಮನೆ ಮುಂದೆ ನಿಂತಾಗ ಪಕ್ಕದ ಕೋಣೆಯ ಅಮ್ಮನಿಗೆ ಗೊತ್ತಾಗುತ್ತದೆ. ಮಗ ಬದುಕಿದ, ಸಂತೋಷ. ಮಧ್ಯೆ ಇದ್ದದ್ದು ಒಂದು ಗೋಡೆ.

ಅಪರಿಚಿತರ ಕಿವಿಯನ್ನು ಮೊದಲು ವ್ಯವಸ್ಥಿತವಾಗಿ ನಂಬಿದವರಲ್ಲಿ ಒಬ್ಬರು ಲಂಡನ್ನಿನ ಪಾದ್ರಿ ಚಾಡ್ ವಾರಾ. 1953ರಲ್ಲಿ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟು ಶುರುಮಾಡಿದರು. ಬಂದವರಿಗೆ ಟೀ ಕೊಡಲು ನಿಂತಿದ್ದ ಸಾಮಾನ್ಯರೇ, ಉಪದೇಶ ಮಾಡದೆ ಸುಮ್ಮನೆ ಕೇಳಿಸಿಕೊಂಡು, ಎಷ್ಟೋ ಮಂದಿಯನ್ನು ಹಗುರ ಮಾಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ನಮ್ಮ ಸರ್ಕಾರವೂ 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಆರಂಭಿಸಿತು. ಸಂಖ್ಯೆ 14416, ಹಗಲೂ ರಾತ್ರಿ, ಬಿಟ್ಟಿ, ಕನ್ನಡದಲ್ಲೂ. ರಾಷ್ಟ್ರಮಟ್ಟದ ಹೊಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಅಲ್ಲಿ ತರಬೇತಿ ಪಡೆದವರು ಫೋನ್ ಎತ್ತುತ್ತಾರೆ, 'ಸಾಯುವ ಯೋಚನೆ ಬರ್ತಿದೆಯಾ?' ಎಂದು ನೇರವಾಗಿ ಕೇಳುತ್ತಾರೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ನಮ್ಮವರು ಹೆದರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಅದು ಸುಳ್ಳು ನಂಬಿಕೆ ಎನ್ನುತ್ತದೆ. 'ಸಂಬಳ ಎಷ್ಟು, ಮದುವೆ ಯಾವಾಗ, ಮಗು ಯಾಕಿಲ್ಲ' ಎಂದು ಒಂದೇ ಉಸಿರಿನಲ್ಲಿ ಕೇಳಬಲ್ಲ ನಾಲಿಗೆಗಳಿಗೆ ಈ ಒಂದು ಪ್ರಶ್ನೆಗೆ ಮಾತ್ರ ಎಲ್ಲಿಲ್ಲದ ಸಂಕೋಚ.

ಈ ನಂಬರಿನ ವಿಷಯವನ್ನು ನಮ್ಮ ಬೀದಿಯ ಒಬ್ಬ ಹಿರಿಯರಿಗೆ ವಿವರಿಸಿದೆ. ಶ್ರದ್ಧೆಯಿಂದ ಕೇಳಿಸಿಕೊಂಡರು, ಡೈರಿಯಲ್ಲಿ ಬರೆದುಕೊಂಡರು, 'ಒಳ್ಳೆ ಕೆಲಸ ಕಣಪ್ಪ' ಎಂದು ಮೆಚ್ಚಿದರು. ಆಮೇಲೆ ಕುರ್ಚಿ ಹತ್ತಿರಕ್ಕೆಳೆದು ದನಿ ತಗ್ಗಿಸಿದರು: 'ಅಲ್ಲಿ ಕೆಲಸ ಮಾಡೋರು ನಮ್ಮವರ ಪೈಕಿ ಯಾರಾದ್ರೂ ಇದ್ದಾರಾ? ಇದ್ರೆ ನಮ್ಮ ಬೀದಿಯಿಂದ ಯಾರ್ಯಾರ ಮಕ್ಕಳು ಫೋನ್ ಮಾಡಿದ್ರು ಅಂತ ವಿಚಾರಿಸಬಹುದಿತ್ತು.'